ಎದೆಗೆ ಪೆಟ್ಟಾದ ಮಕ್ಕಳು, ಅವಸರದ ನನ್ನ ಕತ್ತರಿ

ಎದೆಗೆ ಪೆಟ್ಟು ತಿಂದ ಮಗು ದವಾಖಾನೆಗೆ ಬಂದರೆ ಮೊದಲು ಮಾಡಬೇಕಾದ ಕೆಲಸ ಆ ಮಗುವನ್ನು ಹುಡುಕುವುದು. ಇಷ್ಟು ಹೇಳಲು ಈ ಮುದುಕಿಗೆ ಮೂವತ್ತು ವರ್ಷದ ನೌಕರಿ ಬೇಕಾಯಿತೇ ಎಂದು ನಗಬೇಡಿ. ನಮ್ಮ ಕಲಬುರಗಿ ಕಡೆ ಮಗು ಒಂದೇ ಬರುವುದಿಲ್ಲ. ಅಪ್ಪ, ಅವ್ವ, ಆಯಿ ಎಂದು ಕರೆಯುವ ಅಜ್ಜಿ, ಸೋದರಮಾವ, ಡಿಕ್ಕಿ ಹೊಡೆದವನು, ಅವನನ್ನು ಹಿಡಿದು ತಂದ ನಾಲ್ವರು, ಏನಾಯಿತೆಂದು ನೋಡಲು ಬಂದ ಇನ್ನಿಬ್ಬರು, ಎಲ್ಲರೂ ಒಂದೇ ಬಾಗಿಲಲ್ಲಿ ನುಗ್ಗುತ್ತಾರೆ. ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ. ಮಗು ಯಾರದೋ ಹೆಗಲ ಮೇಲೆ ಸುಮ್ಮನೆ ತಲೆಯಿಟ್ಟು ಮಲಗಿರುತ್ತದೆ.

ನಾನು ಜುಬೇದಾ, ಕಲಬುರಗಿಯ ಮೋಮಿನಪುರ ಓಣಿಯವಳು. ಮನೆಯಲ್ಲಿ ದಖ್ನಿ, ಶಾಲೆಯಲ್ಲಿ ಕನ್ನಡ, ನರ್ಸಿಂಗ್ ತರಬೇತಿಯಲ್ಲಿ ಕಲಿಸುವವರಿಗೂ ಕಲಿಯುವವರಿಗೂ ಅಷ್ಟಾಗಿ ಅರ್ಥವಾಗದ ಇಂಗ್ಲಿಷ್. ಊರನ್ನು ಎಲ್ಲರೂ ಇನ್ನೂ ಗುಲಬರ್ಗಾ ಎನ್ನುತ್ತಿದ್ದ ಎಂಬತ್ತರ ದಶಕದ ಆರಂಭದಲ್ಲಿ ಇಲ್ಲಿನ ಒಂದು ಧರ್ಮಾರ್ಥ ದವಾಖಾನೆಯ ತುರ್ತು ವಿಭಾಗಕ್ಕೆ ಸೇರಿದೆ. ಈ ವರ್ಷ ನನ್ನ ತಂಗಿಯ ಮಗಳು ಅಂಥದೇ ಕೆಲಸಕ್ಕೆ ಸೇರಿದ್ದಾಳೆ. ನಿಮ್ಮ ಅನುಭವ ಬರೆದುಕೊಡಿ ಖಾಲಾ ಎಂದು ಗಂಟುಬಿದ್ದಳು. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬರೆದರೆ ಅವಳು ಎರಡನೇ ಪುಟಕ್ಕೆ ನಿದ್ದೆ ಹೋಗುತ್ತಾಳೆ. ಆದ್ದರಿಂದ ತಪ್ಪುಗಳನ್ನೇ ಬರೆಯುತ್ತೇನೆ. ನನಗೆ ಚೆನ್ನಾಗಿ ನೆನಪಿರುವುದೂ ಅವೇ.

ಆ ಕಾಲದಲ್ಲಿ ಸ್ಕೂಟರ್ ಕೊಂಡವರೆಲ್ಲ ಅದನ್ನು ಬಸ್ಸು ಎಂದೇ ತಿಳಿದಿದ್ದರು. ಹಿಂದೆ ಹೆಂಡತಿ, ಅವಳ ತೊಡೆಯ ಮೇಲೆ ಕೂಸು, ನಡುವೆ ಒಂದು ಚೀಲ, ಮುಂದೆ ಹ್ಯಾಂಡಲ್ ಹಿಡಿದು ನಿಂತ ನಾಲ್ಕೈದು ವರ್ಷದ ಮಗು. ಅಪ್ಪ ಬ್ರೇಕ್ ಒತ್ತಿದರೆ ಮಗುವಿನ ಎದೆ ನೇರ ಹ್ಯಾಂಡಲ್‌ಗೆ ಹೋಗಿ ಬಡಿಯುತ್ತಿತ್ತು. ಹೊರಗೆ ಗಾಯವಿಲ್ಲ, ರಕ್ತವಿಲ್ಲ, ಹೆಚ್ಚೆಂದರೆ ಒಂದು ಕೆಂಪು ಗೆರೆ. ಅಪ್ಪನ ಮೊಣಕಾಲು ಮಾತ್ರ ಕಿತ್ತುಹೋಗಿ ಎಲ್ಲರಿಗೂ ಕಾಣುವಂತೆ ಸುರಿಯುತ್ತಿತ್ತು. ಸೇರಿದ ಮೊದಲ ತಿಂಗಳಲ್ಲೇ ಇಂಥ ಒಬ್ಬ ಅಪ್ಪ ಬಂದ. ಅವನ ಕೂಗಿಗೆ ಕಿಟಕಿಯ ಗಾಜು ಅದುರುತ್ತಿತ್ತು. ನಾನು ಬಹಳ ಮುತುವರ್ಜಿಯಿಂದ ಅವನ ಕಾಲು ತೊಳೆದು, ಔಷಧ ಹಚ್ಚಿ, ಪಟ್ಟಿ ಕಟ್ಟಿದೆ. ಅವನ ಮಗ ಬೆಂಚಿನ ಮೇಲೆ ಗಲಾಟೆ ಮಾಡದೆ ಕುಳಿತಿದ್ದ. ಎಷ್ಟು ಜಾಣ ಹುಡುಗ ಎಂದು ಹೊಗಳಿ ಅವನ ಕೈಗೊಂದು ಬಿಸ್ಕತ್ತನ್ನೂ ಕೊಟ್ಟೆ.

ನಮ್ಮ ಸರ್ಜನ್ ಹಿರೇಮಠ ಸರ್ ಆಗ ಒಳಗೆ ಬಂದರು. ಅವರು ಕಣ್ಣು ಮುಚ್ಚಿಕೊಂಡು ಎದೆಬಡಿತ ಕೇಳುವವರು. ಹೊಸಬರು ಅವರು ನಿದ್ದೆಹೋದರೆಂದೇ ತಿಳಿದು ಕೆಮ್ಮುತ್ತಿದ್ದರು. ಅಪ್ಪನ ಪಟ್ಟಿಯನ್ನು ದಾಟಿ ನೇರ ಹುಡುಗನ ಬಳಿ ಹೋಗಿ, ಎದೆಗೆ ಸ್ಟೆತಸ್ಕೋಪ್ ಇಟ್ಟು ಕಣ್ಣು ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, ಪಟ್ಟಿ ಬಹಳ ಚಂದ ಕಟ್ಟಿದ್ದೀರಿ ಎಂದರು. ಅವರು ಹೊಗಳಿದರೆಂದರೆ ಏನೋ ಕೆಟ್ಟದ್ದು ಕಾದಿದೆ ಎಂದು ತಿಳಿಯಲು ನನಗೆ ಇನ್ನೂ ಆರು ತಿಂಗಳು ಬೇಕಾಯಿತು.

"ಹಸಿ ಬಿದಿರು ಬಾಗಿಸಿ ನೋಡೀರೇನು ಸಿಸ್ಟರ್? ಬಾಗತದ, ಮುರಿಯಂಗಿಲ್ಲ. ಹುಡುಗರ ಪಕ್ಕಿ ಎಲುಬೂ ಹಂಗೇ. ಮ್ಯಾಲೆ ಏನೂ ಆಗಿರಂಗಿಲ್ಲ, ಒಳಗ ಗುಂಡಿಗಿ ಜಜ್ಜಿರತದ. ಒದರೋರು ಹೆಂಗರೆ ಬದುಕ್ತಾರ. ಸುಮ್ಮಕ ಕುಂತವರನ್ನ ಮೊದಲ ನೋಡ್ರಿ" ಎಂದರು.

ಆ ಹುಡುಗನ ಎದೆಬಡಿತ ತಾಳ ತಪ್ಪಿತ್ತು. ಅದನ್ನು ಕಾಗದದ ಮೇಲೆ ನೋಡಲು ನಮ್ಮಲ್ಲಿದ್ದದ್ದು ಒಂದು ಇಸಿಜಿ ಪೆಟ್ಟಿಗೆ. ಎತ್ತಲು ಇಬ್ಬರು ಬೇಕು. ಗಾಳಿ ಹೀರಿ ಎದೆಗೆ ಕಚ್ಚುವ ಅದರ ರಬ್ಬರ್ ಬುಗುರಿಗಳು ಪೈಲ್ವಾನರ ಅಳತೆಯವು. ಚಿಕ್ಕ ಎದೆಯ ಮೇಲೆ ಆರನ್ನೂ ಕೂರಿಸಲು ಹೋದರೆ ಮೂರು ಹೊಟ್ಟೆಗೆ ಇಳಿಯುತ್ತಿದ್ದವು. ಒಂದೊಂದನ್ನೇ ಸರಿಸಿ ಸರಿಸಿ ನೋಡಿದೆವು. ಹುಡುಗ ಐದು ದಿನ ನಮ್ಮ ಕಣ್ಣೆದುರಿಗೆ ಮಲಗಿ, ಎದೆಬಡಿತ ಹಳಿಗೆ ಬಂದ ಮೇಲೆ ಮನೆಗೆ ಹೋದ. ಅವನ ಎದೆಯ ಮೇಲೆ ಬುಗುರಿಗಳ ದುಂಡನೆಯ ಕೆಂಪು ಗುರುತು ನೋಡಿದ ಅವನ ಆಯಿ, ಕೆಟ್ಟ ರಕ್ತ ಎಳೆಯುವ ಯಂತ್ರ ಎಂದು ತಿಳಿದಳು. ತನ್ನ ಮೊಣಕಾಲಿಗೂ ಎರಡು ಹಚ್ಚಿಬಿಡಿ ಎಂದು ವಾರ್ಡಿನಿಂದ ವಾರ್ಡಿಗೆ ನನ್ನ ಬೆನ್ನು ಹತ್ತಿದಳು.

ಎಲ್ಲ ಕಥೆಯೂ ಹೀಗೆ ಮುಗಿಯಲಿಲ್ಲ. ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ನಮ್ಮ ಮೋಮಿನಪುರದ್ದೇ ಒಬ್ಬ ಹುಡುಗನನ್ನು ಸೈಕಲ್ ಮೇಲೆ ತಂದರು. ಓಣಿಯಲ್ಲಿ ಆಡುವಾಗ ಕ್ರಿಕೆಟ್ ಚೆಂಡು ಎದೆಗೆ ಬಡಿದು ನಿಂತಲ್ಲೇ ಕುಸಿದಿದ್ದ. ಮೈಮೇಲೆ ಗೀರು ಗಾಯ ಏನೂ ಇಲ್ಲ. ಚೆಂಡು ಬಡಿದ ಆ ಒಂದು ಕ್ಷಣದಲ್ಲಿ ಹೃದಯದ ಬಡಿತ ಕೆಟ್ಟು ನಿಂತುಹೋಗಿತ್ತು. ತಕ್ಷಣ ಯಾರಾದರೂ ಎದೆ ಒತ್ತಿ ಉಸಿರು ಕೊಟ್ಟಿದ್ದರೆ ಒಂದು ದಾರಿ ಇರುತ್ತಿತ್ತೇನೋ. ಜನ ಮೂರ್ಛೆರೋಗ ಎಂದು ತಿಳಿದು ಅವನ ಮುಷ್ಟಿಯಲ್ಲಿ ಕಬ್ಬಿಣದ ಕೀಲಿಕೈ ಗೊಂಚಲು ಹಿಡಿಸಿದ್ದರು, ಮೂಗಿಗೆ ಚಪ್ಪಲಿ ಹಿಡಿದಿದ್ದರು, ಉಳ್ಳಾಗಡ್ಡಿ ಜಜ್ಜಿ ಮೂಸಿಸಿದ್ದರು. ನಾವು ಅರ್ಧ ತಾಸು ಎದೆ ಒತ್ತಿದೆವು. ಅವನು ಮರಳಲಿಲ್ಲ. ಕೀಲಿಕೈಯನ್ನು ಅವನ ಬೆರಳುಗಳಿಂದ ಬಿಡಿಸಿದವಳು ನಾನು. ಅಂದು ನಾನು ಅತ್ತೆ, ಅದಕ್ಕಿಂತ ಹೆಚ್ಚಾಗಿ ಸಿಟ್ಟಿಗೆದ್ದೆ.

ಆ ಸಿಟ್ಟು ಇಳಿಯಲೇ ಇಲ್ಲ. ಮಗುವನ್ನು ತಂದವರು ದಾರಿಯಲ್ಲಿ ಏನೇ ಮಾಡಿದ್ದರೂ ಅದು ತಪ್ಪು ಎಂದು ನಾನು ಮೊದಲೇ ತೀರ್ಮಾನಿಸಿಬಿಡುತ್ತಿದ್ದೆ. ಅರಿಸಿನ ಹಚ್ಚಿದ್ದರೆ ಬೈದೆ. ರುಮಾಲು ಸುತ್ತಿದ್ದರೆ ಬೈದೆ. ಏನೂ ಮಾಡದೆ ಬಂದಿದ್ದರೆ, ಕೈಕಟ್ಟಿ ಕುಳಿತಿದ್ದಿರಾ ಎಂದು ಅದಕ್ಕೂ ಬೈದೆ. ತೊಂಬತ್ತರ ದಶಕದಲ್ಲಿ ಸಂಸ್ಥೆಯವರು ನನ್ನನ್ನು ಗುಲಬರ್ಗಾ ಹತ್ತಿರದ ಕಮಲಾಪುರದ ತಮ್ಮ ಸಣ್ಣ ಶಾಖೆಗೆ ಕಳಿಸಿದರು. ಅಲ್ಲಿ ನನಗೆ ವಾರದೊಳಗೆ ಬೈಯೋ ನರ್ಸಮ್ಮ ಎಂದು ಹೆಸರು ಬಿತ್ತು. ನನಗೆ ಅದು ಬಿರುದಿನಂತೆ ಕೇಳಿಸುತ್ತಿತ್ತು.

ಕಮಲಾಪುರದ ಶಾಖೆ ಎಂದರೆ ಎರಡು ಕೋಣೆ, ಒಂದು ಬೇವಿನ ಮರ ಮತ್ತು ನಾನು. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಸಂತೆಯ ದಿನ ಮಾತ್ರ ಬರುತ್ತಿರಲಿಲ್ಲ. ಅಂದೇ ಜನ ಹೆಚ್ಚು. ಅಂಥ ಒಂದು ಸಂತೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಶಿವಪ್ಪ ಎಂಬವನು ಕುಂಟುತ್ತ ಬಂದ. ಅವನ ಹಿಂದೆ ಅವನ ತಾಯಿ ಗುರುಬಾಯಿ, ಅವಳ ಕಂಕುಳಲ್ಲಿ ಆರು ವರ್ಷದ ಮೊಮ್ಮಗಳು ಮಲ್ಲಮ್ಮ. ಶಿವಪ್ಪ ಕೆಂಪು ಬಾಳೆ ತೋಟದಲ್ಲಿ ದುಡಿಯುವವನು. ಧಣಿಯ ಸ್ಕೂಟರ್ ಕೇಳಿಕೊಂಡು, ಹಿಂದೆ ತಾಯಿಯನ್ನು ಕೂರಿಸಿ, ಮಗಳನ್ನು ಮುಂದೆ ನಿಲ್ಲಿಸಿಕೊಂಡು ಸಂತೆಗೆ ಹೊರಟಿದ್ದ. ಅಡ್ಡ ಬಂದ ಆಡೊಂದನ್ನು ಉಳಿಸಲು ಹೋಗಿ ಸ್ಕೂಟರ್ ತಗ್ಗಿಗೆ ಉರುಳಿತ್ತು. ಹ್ಯಾಂಡಲ್ ಮಗಳ ಎದೆಗೆ ಬಡಿದಿತ್ತು. ಎತ್ತಿನ ಬಂಡಿಯೊಂದು ಅವರನ್ನು ಇಲ್ಲಿಗೆ ತಂದು ಮುಟ್ಟಿಸುವಷ್ಟರಲ್ಲಿ ಒಂದು ತಾಸು ಕಳೆದಿತ್ತು.

ಮಲ್ಲಮ್ಮ ಅಳುತ್ತಿರಲಿಲ್ಲ. ಮುಖ ಉಬ್ಬಿತ್ತು, ಕುತ್ತಿಗೆಯ ನರಗಳು ಬೆರಳಿನಷ್ಟು ದಪ್ಪವಾಗಿ ಎದ್ದಿದ್ದವು. ಆ ಕುತ್ತಿಗೆಗೆ ಕರಿ ದಾರದಲ್ಲಿ ಒಂದು ತಾಯಿತ. ಅವರ ಊರಿನ ದರ್ಗಾದಲ್ಲಿ ಕಟ್ಟಿಸಿದ್ದು. ದಾರ ಮಾಂಸದೊಳಗೆ ಹೂತುಹೋದಂತೆ ಬಿಗಿಯಾಗಿತ್ತು. ಈಗ ನೋಡಿ ನನ್ನ ಪಾಂಡಿತ್ಯ. ನಮ್ಮ ಮಾಮು ಮೋಮಿನಪುರದಲ್ಲಿ ತಾಯಿತದ ತಗಡಿನ ಡಬ್ಬಿ ಮಾಡುವವನು. ಕಟ್ಟುವಾಗ ದಾರ ಮತ್ತು ಕುತ್ತಿಗೆಯ ನಡುವೆ ಎರಡು ಬೆರಳು ಹೋಗಬೇಕು ಎಂದು ಅವನು ಹೇಳುವುದನ್ನು ನಾನು ಚಿಕ್ಕಂದಿನಿಂದ ಕೇಳಿ ಬಲ್ಲೆ. ಹೀಗಾಗಿ ತಾಯಿತದ ವಿಷಯದಲ್ಲಿ ಇಡೀ ಕಮಲಾಪುರಕ್ಕೆ ನಾನೇ ದೊಡ್ಡ ತಜ್ಞೆ. ಕೂಸಿನ ಕುತ್ತಿಗೆಗೆ ಉರುಲು ಹಾಕಿದ್ದೀಯಲ್ಲ, ಅದಕ್ಕೇ ಮುಖ ಉಬ್ಬಿದೆ ಎಂದು ಗುರುಬಾಯಿಗೆ ಬೈಯಲು ಶುರುಮಾಡಿದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ಸುಮ್ಮನಿರು ಎಂದೆ. ಕತ್ತರಿ ತೆಗೆದು ದಾರವನ್ನು ಕಚಕ್ಕನೆ ಕತ್ತರಿಸಿ ತಾಯಿತವನ್ನು ತಟ್ಟೆಗೆ ಹಾಕಿದೆ.

ರೋಗ ಕಂಡುಹಿಡಿದು ವಾಸಿಯನ್ನೂ ಮಾಡಿದ ಹೆಮ್ಮೆಯಿಂದ ಮುಂದೆ ಏನು ಮಾಡಿದೆ ಗೊತ್ತೇ? ಅಪ್ಪನ ಮೊಣಕಾಲಿಗೆ ಪಟ್ಟಿ ಕಟ್ಟಲು ಕುಳಿತೆ. ಇಷ್ಟು ವರ್ಷಗಳ ಅನುಭವದ ಮೇಲೆ ಮತ್ತೆ ಮೊಣಕಾಲು. ಹಿರೇಮಠ ಸರ್ ನೋಡಿದ್ದರೆ ಪಟ್ಟಿ ಚಂದವಾಗಿದೆ ಎಂದು ಖಂಡಿತ ಹೇಳುತ್ತಿದ್ದರು.

ಹತ್ತು ನಿಮಿಷ ಹಾಗೇ ಹೋಯಿತು. ತಿರುಗಿ ನೋಡಿದರೆ ಮಲ್ಲಮ್ಮ ಮಲಗಲು ಒಲ್ಲದೆ ಮುಂದಕ್ಕೆ ಬಾಗಿ ಕುಳಿತಿದ್ದಳು. ಕುತ್ತಿಗೆಯಲ್ಲಿ ದಾರವಿಲ್ಲ. ನರಗಳು ಮಾತ್ರ ಇನ್ನೂ ಉಬ್ಬಿಯೇ ಇದ್ದವು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಣಿಕಟ್ಟು ಹಿಡಿದೆ. ತಣ್ಣಗಿತ್ತು. ನಾಡಿ ಓಡುತ್ತಿತ್ತು, ಅವಳು ಉಸಿರು ಒಳಗೆ ಎಳೆದಾಗಲೆಲ್ಲ ನನ್ನ ಬೆರಳಿನಡಿಯಲ್ಲಿ ಮಾಯವಾಗುತ್ತಿತ್ತು.

ಹೃದಯ ಒಂದು ತೆಳು ಚೀಲದೊಳಗೆ ಇರುತ್ತದೆ. ಪೆಟ್ಟಿನಿಂದ ಆ ಚೀಲದಲ್ಲಿ ರಕ್ತ ಜಿನುಗಿ ತುಂಬಿದರೆ ಹೃದಯಕ್ಕೆ ಅರಳಲು ಜಾಗವಿರುವುದಿಲ್ಲ. ತಲೆಯಿಂದ ಕೆಳಗಿಳಿಯುವ ರಕ್ತ ಒಳಗೆ ಹೋಗಲಾರದೆ ಕುತ್ತಿಗೆಯಲ್ಲೇ ನಿಲ್ಲುತ್ತದೆ. ಆದ್ದರಿಂದಲೇ ಆ ನರಗಳು ಉಬ್ಬಿದ್ದವು. ದಾರ ಕುತ್ತಿಗೆಯನ್ನು ಬಿಗಿದಿರಲಿಲ್ಲ, ಕುತ್ತಿಗೆಯೇ ದಾರಕ್ಕೆ ದೊಡ್ಡದಾಗಿತ್ತು. ಹಿರೇಮಠ ಸರ್ ಇದನ್ನು ನನಗೆ ಹತ್ತು ಸಲವಾದರೂ ಹೇಳಿದ್ದರು. ನಾನು ಹತ್ತು ಸಲವೂ ತಲೆಯಾಡಿಸಿದ್ದೆ.

ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಓಡಿ ಗುಲಬರ್ಗಾಕ್ಕೆ ಫೋನ್ ಹಚ್ಚಿದೆ. ಹಿರೇಮಠ ಸರ್ ಎರಡೇ ಪ್ರಶ್ನೆ ಕೇಳಿ, ಮಲಗಿಸಬೇಡಿ, ಸಲೈನ್ ಹಚ್ಚಿ, ಯಾವ ಗಾಡಿ ಸಿಕ್ಕರೂ ಹತ್ತಿ ನೀವೇ ಕರೆತನ್ನಿ ಎಂದರು. ತಿರುಗಿ ಬಂದು ಸಲೈನ್ ಹಚ್ಚಿ, ಹೊರಡಿ ಎಂದರೆ ಗುರುಬಾಯಿ ಮೊಮ್ಮಗಳನ್ನು ಅವುಚಿಕೊಂಡು ಗೋಡೆಗೆ ಆತು ಕುಳಿತುಬಿಟ್ಟಳು.

"ನೀವು ತಾಯಿತ ಹರದ್ರಿ, ಆವಾಗಿಂದ ಕೂಸು ತಣ್ಣಗಾಗಾಕತ್ತದ" ಎಂದಳು. "ಮೊದಲ ನಮ್ಮೂರ ದರ್ಗಾಕ್ಕ ಒಯ್ದು ಕಟ್ಟಿಸಿಕೊಂಡು ಬರ್ತೀವಿ. ಆಮ್ಯಾಲೆ ನಿಮ್ಮ ಗುಲಬರ್ಗಾ."

ಅವರ ಊರು ಗುಲಬರ್ಗಾಕ್ಕೆ ಬೆನ್ನು ಹಾಕಿದ ದಿಕ್ಕಿನಲ್ಲಿತ್ತು. ಆ ಕಡೆ ಹೋದರೆ ಮಗು ಉಳಿಯುವುದಿಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಬೈಯಲು ಬಾಯಿ ತೆರೆದವಳು ತಟ್ಟೆಯ ಕಡೆ ನೋಡಿದೆ. ಅವಳ ಲೆಕ್ಕದಲ್ಲಿ ತಪ್ಪೇನಿತ್ತು? ನಾನು ಕತ್ತರಿಸಿದ ಮೇಲೇ ಮಗು ಇನ್ನಷ್ಟು ತಣ್ಣಗಾದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ತಟ್ಟೆಯಿಂದ ತಾಯಿತ ತೆಗೆದು ಸೆರಗಿನಿಂದ ಒರೆಸಿದೆ. ಮಾಮು ಅನ್ನುವ ಹಾಗೆಯೇ ಬಿಸ್ಮಿಲ್ಲಾ ಎಂದು, ಅದನ್ನು ಪಟ್ಟಿಯ ಬಟ್ಟೆಯಲ್ಲಿ ಮಲ್ಲಮ್ಮನ ಬಲರಟ್ಟೆಗೆ ಕಟ್ಟಿದೆ. ಎರಡು ಬೆರಳು ಹಾಕಿ ತೋರಿಸಿದೆ.

"ಕೇಳದೆ ಹರದದ್ದು ನಂದೇ ತಪ್ಪು ಆಯಿ" ಎಂದೆ. "ಈಗ ಕಟ್ಟೇನಿ. ಆದ್ರ ಕೂಸಿನ ಎದಿಯೊಳಗ ರಗತ ತುಂಬಾಕತ್ತದ. ಅದನ್ನ ತಗಿಯೋರು ಗುಲಬರ್ಗಾದಾಗ ಕುಂತಾರ. ನಾನೂ ಸಂಗಟ ಬರ್ತೀನಿ, ನಡೀರಿ."

ಗುರುಬಾಯಿ ತಾಯಿತವನ್ನು ಮುಟ್ಟಿ ನೋಡಿದಳು, ನನ್ನ ಮುಖ ನೋಡಿದಳು, ಎದ್ದು ನಿಂತಳು.

ಸಿಕ್ಕದ್ದು ಸಂತೆಗೆ ಬಂದ ಒಂದು ಜೀಪು. ಜೀಪಿನವನ ನಿಯಮವೆಂದರೆ ಗಾಡಿ ತುಂಬದೆ ಹೊರಡುವುದಿಲ್ಲ, ತುಂಬಿದ ಮೇಲೂ ನಾಲ್ಕು ಮಂದಿ ಹತ್ತದೆ ಹೊರಡುವುದಿಲ್ಲ. ಒಳಗಿದ್ದವರು ಮಲ್ಲಮ್ಮನ ತುಟಿ ನೋಡಿ ತಾವೇ ಅವನಿಗೆ ಬಿಸಿ ಮುಟ್ಟಿಸಿದರು. ಮೊದಲ ಬಾರಿಗೆ ಬೈಯುವ ಕೆಲಸ ಬೇರೆಯವರ ಪಾಲಾಯಿತು. ಬಾಳೆಗೊನೆಗಳ ನಡುವೆ ಜೋಳದ ಚೀಲಕ್ಕೆ ಒರಗಿಸಿ ಅವಳನ್ನು ಕೂರಿಸಿದೆವು. ಒಬ್ಬ ಮುದುಕ ಸಲೈನ್ ಬಾಟಲಿಯನ್ನು ಎತ್ತಿಹಿಡಿದು ಊರು ಮುಟ್ಟುವವರೆಗೂ ಕೈ ಇಳಿಸಲಿಲ್ಲ. ನಾನು ನಾಡಿ ಬಿಡಲಿಲ್ಲ. ಆ ಹತ್ತು ನಿಮಿಷವನ್ನು ಯಾರಾದರೂ ಮರಳಿ ಕೊಡಬಾರದೇ ಎಂದು ದಾರಿಯುದ್ದಕ್ಕೂ ಅಲ್ಲಾಹನನ್ನು ಕೇಳಿದೆ.

ತುರ್ತು ವಿಭಾಗದ ಬಾಗಿಲಲ್ಲೇ ಹಿರೇಮಠ ಸರ್ ಸೂಜಿ ಸಿದ್ಧ ಮಾಡಿಕೊಂಡು ನಿಂತಿದ್ದರು. ಎದೆಮೂಳೆಯ ಕೆಳಗಿನ ಗುಳಿಯಿಂದ ಎಡಭುಜದ ಕಡೆಗೆ ಉದ್ದನೆಯ ಸೂಜಿ. ಹೃದಯವನ್ನು ಪರದೆಯ ಮೇಲೆ ತೋರಿಸುವ ಎಕೋ ಯಂತ್ರ ನಮ್ಮಲ್ಲಿಗೆ ಬರಲು ಇನ್ನೂ ಕೆಲವು ವರ್ಷವಿತ್ತು, ಸೂಜಿ ಎಲ್ಲಿ ಹೋಗುತ್ತಿದೆ ಎಂಬುದನ್ನು ಕೈಯೇ ತಿಳಿಯಬೇಕು. ಪಿಚಕಾರಿಯಲ್ಲಿ ಕಪ್ಪು ರಕ್ತ ಏರಿತು. ಒಂದು ಚಹಾ ಕಪ್ಪಿನ ಅರ್ಧವೂ ಇರಲಿಲ್ಲ. ಅಷ್ಟಕ್ಕೇ ನನ್ನ ಬೆರಳಿನಡಿಯ ನಾಡಿ ತುಂಬಿ ಬಂತು, ಕುತ್ತಿಗೆಯ ನರ ಇಳಿಯಿತು. ಮಲ್ಲಮ್ಮ ಕಣ್ಣು ಬಿಟ್ಟು, ನಮ್ಮೆಲ್ಲರನ್ನೂ ಒಮ್ಮೆ ನೋಡಿ, ದವಾಖಾನೆ ಹಾರಿಹೋಗುವಂತೆ ಅಳಲು ಶುರುಮಾಡಿದಳು. ಆ ಅಳು ಕೇಳಿ ನಾನೂ ಅತ್ತೆ. ಸರ್ ಹೃದಯದ ಆ ಚೀಲದಲ್ಲಿ ಒಂದು ಸಣ್ಣ ನಳಿಕೆ ಇಟ್ಟರು. ರಕ್ತ ಮತ್ತೆ ತುಂಬಿದರೆ ಹೈದರಾಬಾದಿಗೆ ಕಳಿಸಬೇಕು ಎಂದು ಎರಡು ದಿನ ಕಾದೆವು. ತುಂಬಲಿಲ್ಲ.

ಈಗ ಎಕೋ ಬಂದಿದೆ. ಹೃದಯದ ಸುತ್ತ ನಿಂತ ರಕ್ತ ಕಪ್ಪು ಅಂಚಿನಂತೆ ಪರದೆಯ ಮೇಲೆ ಕಾಣುತ್ತದೆ, ನೀವು ಪುಣ್ಯವಂತರು. ನನ್ನ ಕೊನೆಯ ವರ್ಷಗಳಲ್ಲಿ ಬಂದ ಎಳೆ ಡಾಕ್ಟರರು ಪರದೆಯನ್ನು ಎಷ್ಟು ಪ್ರೀತಿಯಿಂದ ನೋಡುತ್ತಿದ್ದರೆಂದರೆ, ಪಕ್ಕದಲ್ಲಿ ಮಗುವೂ ಇದೆ ಎಂದು ನಾನು ನೆನಪಿಸಬೇಕಾಗುತ್ತಿತ್ತು. ಆದರೂ ಯಂತ್ರ ಒಳ್ಳೆಯದು. ನನ್ನ ಕತ್ತರಿಗಿಂತ ಸಾವಿರ ಪಾಲು ಒಳ್ಳೆಯದು.

ಹತ್ತನೇ ದಿನ ಮಲ್ಲಮ್ಮನನ್ನು ಮನೆಗೆ ಕಳಿಸುವಾಗ ನಾನು ಕಮಲಾಪುರದಿಂದ ಹೋಗಿದ್ದೆ. ವಾರ್ಡಿನಲ್ಲಿ ಎಲ್ಲರಿಗೂ ಗುರುಬಾಯಿ ತಾಯಿತದ ಮಹಿಮೆ ಹೇಳಿ ಮುಗಿಸಿದ್ದಳು. ಹಿರೇಮಠ ಸರ್ ಪಾತ್ರ ಅದರಲ್ಲಿ ಬಹಳ ಸಣ್ಣದು. ನನ್ನದು ಖಳನಾಯಕಿಯ ಪಾತ್ರ, ಕೊನೆಯಲ್ಲಿ ಬುದ್ಧಿ ಬಂದವಳು. ನಾನೂ ನಗುತ್ತ ಅವಳ ಪಕ್ಕ ಬೆಂಚಿನ ಮೇಲೆ ಕುಳಿತೆ. ಅಷ್ಟು ಬಿಗಿಯಾಗಿ ಯಾಕೆ ಕಟ್ಟಿಸಿದ್ದೆ ಆಯಿ ಎಂದು ಚೇಷ್ಟೆಗೆ ಕೇಳಿದೆ.

"ಬಿಗಿ ಕಟ್ಟಿಸಿರಲಿಲ್ರಿ ನಾನು" ಎಂದಳು ಗುರುಬಾಯಿ. "ಮುಂಜಾನಿ ಸಡ್ಲ ಇತ್ತು. ಬಿದ್ದ ಮ್ಯಾಲೆ ಬಂಡಿಯಾಗ ಬರೋ ಮುಂದ ಕೂಸಿಗಿ ಒತ್ತಾಕತ್ತಿತ್ತು. ಎರಡು ಸಲ ಗಂಟು ಬಿಚ್ಚಿ ಸಡ್ಲ ಮಾಡಿದ್ದೆ. ಮಾಡಿದಂಗೆಲ್ಲ ಮತ್ತ ಬಿಗಿ ಆಗ್ತಿತ್ತು."

ನಗು ನನ್ನ ಮುಖದಲ್ಲೇ ನಿಂತಿತು. ಎರಡು ಸಲ ಸಡಿಲಿಸಿದ ದಾರ ಎರಡು ಸಲವೂ ಬಿಗಿಯಾಯಿತು ಎಂದರೆ ಒಂದು ತಾಸಿನಿಂದ ಕುತ್ತಿಗೆ ಉಬ್ಬುತ್ತಲೇ ಇತ್ತು ಎಂದರ್ಥ. ಓದುಬರಹ ಬಾರದ ಆ ಮುದುಕಿ ಬಂಡಿಯಲ್ಲಿ ಕುಳಿತು ತನ್ನ ಬೆರಳಿನಿಂದ ರೋಗವನ್ನು ಅಳೆದು ತಂದಿದ್ದಳು. ಆ ಒಂದು ಮಾತು ಕೇಳಿದ್ದರೆ ಬಾಗಿಲಲ್ಲೇ ನನಗೆ ಎಲ್ಲ ತಿಳಿಯುತ್ತಿತ್ತು.

"ನನಗ್ಯಾಕ ಹೇಳಲಿಲ್ಲ ಆಯಿ?" ಎಂದೆ.

"ಹೇಳಬೇಕಂತೇ ಬಾಯಿ ತಗದಿದ್ದೆನ್ರಿ. ನೀವು ಸುಮ್ಮಕಿರು ಅಂದ್ರಿ" ಎಂದಳು. ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿ, ಮೊಮ್ಮಗಳ ಜಡೆ ಹಾಕಲು ತಿರುಗಿದಳು.